ಮಣ್ಣಿಗೆ ಹೋಗಬೇಕಾದ ತಂತಿ

“ಹಸಿರು ತಂತಿ ಮಾತ್ರ ಕೀಳಬೇಡಪ್ಪ. ಅದು ಮಣ್ಣಿಗೇ ಹೋಗಬೇಕು,” ಎಂದಳು ಮುದುಕಿ.

ಲಿಫ್ಟ್ ರಿಪೇರಿಯವನು ಪಕಪಕ ನಕ್ಕ. ಇಪ್ಪತ್ತು ವರ್ಷ ಲಿಫ್ಟಿನ ಬಾವಿಗಳಲ್ಲಿ ನೇತಾಡುತ್ತ ವೈರು ಜೋಡಿಸಿದವನಿಗೆ ಅರ್ಥಿಂಗಿನ ಪಾಠ! ಅದೂ ಬಾಗಿಲ ಚಿಲಕ ಹಾಕಲೂ ಕೈ ನಡುಗುವ ಮುದುಕಿಯಿಂದ! ಅವಳ ಗಂಡ ರೇಡಿಯೊದಲ್ಲಿ ಸುದ್ದಿ ಓದುತ್ತಿದ್ದವನು. ಅವನು ಹೋದ ಮೇಲೆ ಮೂಲೆಯಲ್ಲಿ ಉಳಿದದ್ದು ಈ ಹಳೇ ಸ್ಟೀರಿಯೊ ಪ್ರೀ-ಆಂಪ್ಲಿಫೈಯರ್, ಹಾಡಿನ ಸದ್ದನ್ನು ಹದ ಮಾಡಿ ಮುಂದಕ್ಕೆ ಕಳಿಸುವ ಡಬ್ಬಿ. ಅಲ್ಯೂಮಿನಿಯಂ ಮುಖ, ಐದು ದಪ್ಪ ಗುಂಡಿ, ಮರದ ಕವಚ. ನೋಡಿದವನ ಬಾಯಲ್ಲಿ ನೀರೂರಬೇಕು, ಹಾಗಿತ್ತು. ಅದರ ಬೆನ್ನಿನ ತಿರುಪಿನಿಂದ ಹೊರಟ ಹಸಿರು ತಂತಿ ಕಿಟಕಿ ದಾಟಿ, ಹಿತ್ತಲಿನ ಕಬ್ಬಿಣದ ಗೂಟಕ್ಕೆ ಸುತ್ತಿಕೊಂಡಿತ್ತು. ಗೂಟದ ಸುತ್ತ ಒಂದು ಮೊಳ ಹುಲ್ಲು ಕರಕಲಾಗಿತ್ತು.

“ಯಾಕಜ್ಜಿ, ಒಳಗೆ ದೆವ್ವ ಗಿವ್ವ ಕೂರಿಸಿದ್ದೀರಾ?”

“ದೆವ್ವ ಅಲ್ಲ, ಬಾಯಿ ಕಟ್ಟೋ ಮಾಟ,” ಎಂದಳು ಆಕೆ, ಡಬ್ಬಿಗೆ ಕೇಳಿಸೀತು ಎಂಬಂತೆ ದನಿ ತಗ್ಗಿಸಿ. “ನಮ್ಮ ಯಜಮಾನರ ದನಿ ಕಂಡ್ರೆ ಆಗದೋರು ಮಾಡಿಸಿದ್ರು. ಸುದ್ದಿ ಓದ್ತಾ ಓದ್ತಾನೇ ಬಾಯಿ ಅಂಟ್ಕೊಂಡುಬಿಡ್ತು. ತೆಗೆಯೋಕೆ ಯಾರ ಕೈಲೂ ಆಗ್ಲಿಲ್ಲ. ಕೊನೆಗೆ ಒಬ್ರು ಅದನ್ನ ಇದರೊಳಗೆ ಇಳಿಸಿ, ಮಣ್ಣಿಗೆ ದಾರಿ ಮಾಡಿಕೊಟ್ರು. ಅದು ಇಳೀತಾನೇ ಇರಬೇಕು. ನಾನು ನಾಳೆ ಮಗಳ ಊರಿಗೆ ಹೋಗ್ತಿದೀನಿ. ನೀನು ಕರೆಂಟು ಗೊತ್ತಿರೋನು ಅಂತ ಕೊಡ್ತಿದೀನಿ, ಅಷ್ಟೇ.”

“ಮಾಟಕ್ಕೂ ಅರ್ಥಿಂಗ್ ಬೇಕಾ? ಫ್ಯೂಸೂ ಹಾಕಿದ್ದಾರಾ ಹೇಗೆ?”

“ಮನೆ ಮುಟ್ಟಿದ ಕೂಡಲೇ ಮಣ್ಣಿಗೆ ಕಟ್ಟು,” ಎಂದಳು ಮುದುಕಿ. ಅವನು ಗೂಟದಿಂದ ತಂತಿ ಬಿಚ್ಚಿ, ಡಬ್ಬಿ ಎತ್ತಿಕೊಂಡು ಹೊರಟ.

ಭಾನುವಾರದ ಮಧ್ಯಾಹ್ನ. ಮೂರನೇ ಮಹಡಿಯಲ್ಲಿ ಅವನ ಮನೆ. ಹೆಂಡತಿ ಬಟ್ಟೆ ಒಣಹಾಕಲು ತಾರಸಿಗೆ ಹೋಗಿದ್ದಳು. ಆರು ವರ್ಷದ ಮಗಳಿಗೆ ನಾಲ್ಕು ದಿನದಿಂದ ಜೋರು ನೆಗಡಿ, ಮೂಗಿನಲ್ಲಿ ಉಸಿರೇ ಆಡುತ್ತಿರಲಿಲ್ಲ. ಹಾಗಂತ ಅವಳ ಬಾಯಿ ಸುಮ್ಮನಿರಬೇಕಲ್ಲ! ಎದ್ದಾಗಿನಿಂದ ವಟವಟ. ಆ ವಟವಟ ಕೇಳದಿದ್ದರೆ ಅಪ್ಪನಿಗೆ ಊಟ ಸೇರುತ್ತಿರಲಿಲ್ಲ. ಅವಳಿಗೆ ಗಿಣಿ ಎಂದು ಹೆಸರಿಟ್ಟವನೂ ಅವನೇ.

“ಅಪ್ಪಾ, ಡಂಗೆ ಬೂಗು ಕಟ್ಟಿದೆ,” ಎಂದಳು ಗಿಣಿ, ಅವನ ಬೆನ್ನಿಗೆ ಜೋತುಬಿದ್ದು.

“ಆಯ್ತು ಮಹಾರಾಣಿ, ಹಾಡು ಕೇಳು, ಬಿಟ್ಟುಹೋಗುತ್ತೆ.”

ಪ್ರೀ-ಆಂಪ್ಲಿಫೈಯರ್ ಮೇಜಿನ ಮೇಲೆ, ಸ್ಪೀಕರುಗಳಿಗೆ ಜೋಡಿಸಿದ ಅವನದೇ ಪವರ್ ಆಂಪ್ಲಿಫೈಯರ್ ನೆಲದ ಮೇಲೆ. ಒಂದರ ಔಟ್‌ಪುಟ್ಟಿನಿಂದ ಇನ್ನೊಂದರ ಇನ್‌ಪುಟ್ಟಿಗೆ ಎರಡು ಕೇಬಲ್ಲು, ಎಡಕ್ಕೆ ಬಿಳಿ, ಬಲಕ್ಕೆ ಕೆಂಪು. ಹಸಿರು ತಂತಿಯನ್ನೂ ಬಿಡಲಿಲ್ಲ. ಅಜ್ಜಿಯ ಭಯಕ್ಕಲ್ಲ, ಕಸುಬಿನ ಅಭ್ಯಾಸಕ್ಕೆ, ಕಿಟಕಿಯಾಚೆ ನೆಲದವರೆಗೂ ಇಳಿದಿದ್ದ ಕಬ್ಬಿಣದ ನೀರಿನ ಪೈಪಿಗೆ ಸುತ್ತಿದ. ವಾಲ್ಯೂಮ್ ಸೊನ್ನೆಗೆ ತಿರುಗಿಸಿದ. ಮೊದಲು ಪ್ರೀಯ ಸ್ವಿಚ್ಚು ಒತ್ತಿದ. ಅರ್ಧ ನಿಮಿಷ ಬಿಟ್ಟು ಪವರ್.

ಗುಂಯ್ ಎಂದಿತು.

ಸ್ಪೀಕರುಗಳಿಂದ, ಮೇಜಿನ ಕಾಲಿನಿಂದ, ಹಲ್ಲಿನ ಬೇರಿನಿಂದ ಎದ್ದಂಥ ದಪ್ಪ ಗುಂಯ್‌ ಸದ್ದು. ಕಾದ ಧೂಳಿನ ವಾಸನೆಯ ಹಿಂದೆ ಕೂದಲು ಸುಟ್ಟ ಕಮಟು ಬಂತು. ಅವನು ಹೆದರಲಿಲ್ಲ. ಯಾಕೆ ಹೆದರಬೇಕು? ಪವರ್ ಆಂಪ್ಲಿಫೈಯರಿಗೆ ಗೋಡೆಯ ಪ್ಲಗ್ಗಿನಿಂದ ಒಂದು ಅರ್ಥ್, ಪ್ರೀಗೆ ಹಸಿರು ತಂತಿಯಿಂದ ಇನ್ನೊಂದು. ಎರಡೆರಡು ದಾರಿಯಾದರೆ ಗುಂಯ್ ಎನ್ನುತ್ತದೆ, ಒಂದನ್ನು ತೆಗೆದರೆ ನಿಲ್ಲುತ್ತದೆ. ಯಾವ ಮೆಕ್ಯಾನಿಕ್ಕನ್ನು ಕೇಳಿದರೂ ಹೇಳುವುದು ಇದನ್ನೇ. ಕಟ್ಟರ್ ತೆಗೆದುಕೊಂಡು ಹಸಿರು ತಂತಿಯನ್ನು ತಿರುಪಿನ ಬುಡದಲ್ಲೇ ಕತ್ತರಿಸಿದ. ತುಂಡಾದ ತುದಿ ತನ್ನ ಭಾರಕ್ಕೆ ತಾನೇ ಜಾರಿ ಕಿಟಕಿಯ ಸರಳಿಗೆ ಸಿಕ್ಕಿಕೊಂಡಿತು.

ಗುಂಯ್‌ ಸದ್ದು ನಿಂತಿತು. “ನೋಡಿದ್ಯಾ ಗಿಣಿ, ನಿಮ್ಮಪ್ಪನ ಕೈಚಳಕ?” ಎಂದ.

ಅಯ್ಯೋ ಪುಣ್ಯಾತ್ಮ! ಲೆಕ್ಕ ಸರಿಯಾಗೇ ಇತ್ತು. ಆದರೆ ಪ್ರೀ ಕೊಟ್ಟದ್ದನ್ನು ನೂರು ಪಟ್ಟು ಹಿಗ್ಗಿಸಿ ಹೊರದಬ್ಬುವುದೇ ಪವರ್ ಆಂಪ್ಲಿಫೈಯರಿನ ಕೆಲಸ. ಬಂದದ್ದು ಹಾಡೋ ಶಾಪವೋ, ಅದಕ್ಕೇನು ಗೊತ್ತು?

ಸ್ಪೀಕರಿನ ಕಪ್ಪು ಕಾಗದ ಸದ್ದಿಲ್ಲದೆ ಮುಂದಕ್ಕೆ ಉಬ್ಬಿತು. ಉಬ್ಬಿದ್ದು ಹಿಂದೆ ಹೋಗಲಿಲ್ಲ. ಬೀದಿಯ ಹಾರನ್ ಸದ್ದು ಕೇಳಿಸದಾಯಿತು. ಫ್ಯಾನು ತಿರುಗುತ್ತಿತ್ತು, ಸದ್ದಿರಲಿಲ್ಲ. ಬಿಸಿಲಿನಲ್ಲೂ ಕೋಣೆ ಮಂಕಾಯಿತು.

“ಅಪ್ಪಾ, ಅದ್ಯಾಕೆ ಹೊಟ್ಟೆ ಉಬ್ಬ್…” ಗಿಣಿಯ ಮಾತು ಅರ್ಧಕ್ಕೆ ನಿಂತಿತು.

ಅವನು ತಿರುಗಿ ನೋಡಿದ. ಮಗು ಸ್ಪೀಕರಿನ ಎದುರಿಗೇ ನಿಂತಿತ್ತು. ತುಟಿಗಳು ಒಂದಕ್ಕೊಂದು ಅಂಟಿದ್ದವು. ಅಂಟಿದ್ದೂ ಅಲ್ಲ. ನಡುವಿನ ಗೆರೆಯೇ ಮಾಸುತ್ತಿತ್ತು. ಕಣ್ಣು ಅಗಲವಾಗಿತ್ತು.

ಬಾಯಿ ಕಟ್ಟಿದೆ. ಮೂಗು ಮೊದಲೇ ಕಟ್ಟಿದೆ. ಉಸಿರು?

ಸ್ವಿಚ್ಚು ಆರಿಸಿದ. ಪ್ರೀಯ ಕೆಂಪು ದೀಪ ಆರಲಿಲ್ಲ. ಪ್ಲಗ್ಗು ಕಿತ್ತ. ಆರಲಿಲ್ಲ. ಕೇಬಲ್ಲು ಎಳೆದ. ಬೆಸೆದುಕೊಂಡಂತೆ ಕೂತಿತ್ತು, ಜಗ್ಗಲಿಲ್ಲ. ಡಬ್ಬಿಯನ್ನೇ ಎತ್ತಹೋದ. ಮೇಜಿಗೆ ಬೇರು ಬಿಟ್ಟಂತಿತ್ತು. ಬೆರಳಿನಿಂದ ಮಗುವಿನ ತುಟಿ ಬಿಡಿಸಹೋದ. ಬಿಡಿಸಲು ಎರಡು ತುಟಿ ಇರಲಿಲ್ಲ. ಮುಖ ಕೆಂಪಾಯಿತು. ನೀಲಿಯಾಗುತ್ತಿತ್ತು. ಪುಟ್ಟ ಉಗುರುಗಳು ಅವನ ಅಂಗಿಯನ್ನು ಪರಚುತ್ತಿದ್ದವು.

ಮಣ್ಣಿಗೇ ಹೋಗಬೇಕು.

ಕಿಟಕಿಗೆ ಹಾರಿದ. ತಂತಿ ಹಿಡಿದು ಎಳೆದ. ಇತ್ತ ಬರಲೊಲ್ಲದು. ತಂತಿಯ ತುದಿಗೂ ಡಬ್ಬಿಗೂ ನಡುವೆ ಒಂದು ಮಾರು ಅಂತರ. ಬೇರೇನನ್ನೂ ಹುಡುಕಲು ಹೊತ್ತಿಲ್ಲ. ಬೇರೆ ವೈರು ಕೆಳಗೆ, ಗಾಡಿಯಲ್ಲಿ. ಮಗುವಿನ ಮೊಣಕಾಲು ಕುಸಿಯಿತು. ಅವನು ಎಡಗೈಯಲ್ಲಿ ತಂತಿಯ ತುದಿ ಹಿಡಿದ. ಬಲಗೈ ಚಾಚಿದ. ಇನ್ನೂ ಚಾಚಿದ. ಭುಜದ ಕೀಲು ಕಳಕ್ಕೆಂದಿತು. ಅಂಗೈಯನ್ನು ಡಬ್ಬಿಯ ಬೆನ್ನಿಗೆ ಒತ್ತಿದ.

ಕಡಿಮೆ ಬಿದ್ದ ಆ ಒಂದು ಮಾರು ತಾನೇ ಆದ.

ಅದು ಅವನೊಳಗಿನಿಂದ ಇಳಿಯಿತು. ತಣ್ಣಗೆ. ಕೆಸರಿನ ಹಾಗೆ. ಕೈಯಿಂದ ಕತ್ತಿಗೆ, ಕತ್ತಿನಿಂದ ನಾಲಿಗೆಗೆ, ನಾಲಿಗೆಯಿಂದ ಇನ್ನೊಂದು ಕೈಗೆ. ಕಿಟಕಿಯಾಚೆ ಪೈಪು ಗಡಗಡ ನಡುಗಿತು. ಕೆಂಪು ದೀಪ ಆರಿತು.

ಗಿಣಿ ಗಳಕ್ಕನೆ ಉಸಿರೆಳೆದುಕೊಂಡಳು. “ಅಪ್ಪಾ!” ಎಂದು ಕಿರುಚಿದಳು. ಫ್ಯಾನಿನ ಸದ್ದು, ಬೀದಿಯ ಸದ್ದು ಎಲ್ಲ ಒಟ್ಟಿಗೇ ಬಂದವು. ಬದುಕಿತು ಮಗು! ಅವನ ಕಣ್ಣಲ್ಲಿ ದಳದಳ ನೀರು ಸುರಿಯಿತು. ಏನಿಲ್ಲ ಪುಟ್ಟಿ, ಎನ್ನಲು ಬಾಯಿ ತೆರೆದ.

ಅವನ ಬಾಯಿಂದ ಗುಂಯ್ ಎಂದಿತು. ಮಗುವಿನ ತುಟಿಗಳು ಪಟ್ಟನೆ ಅಂಟಿದವು.

ಅವನು ಎರಡೂ ಕೈಯಿಂದ ತನ್ನ ಬಾಯಿ ಮುಚ್ಚಿಕೊಂಡ. ತುಟಿಗಳು ಬಿಟ್ಟವು. ಇಳಿದದ್ದು ಪೂರ್ತಿ ಇಳಿದಿರಲಿಲ್ಲ, ದಾರಿಯಾದ ಅವನೊಳಗೇ ಒಂದಷ್ಟು ಉಳಿದುಕೊಂಡಿತ್ತು.

ಬಕೆಟ್ಟು ಹಿಡಿದು ಬಂದ ಹೆಂಡತಿಗೆ ಎಲ್ಲವನ್ನೂ ಚೀಟಿಯಲ್ಲಿ ಬರೆದು ತೋರಿಸಿದ. ಅವಳು ನಂಬಲಿಲ್ಲ. “ಏನ್ರೀ ಇದು ಹುಡುಗಾಟ, ಬಾಯಿ ಬಿಡಿ,” ಎಂದು ಗದರಿದಳು. ಅವನು ಒಲ್ಲೆನೆಂದು ಅಡ್ಡಡ್ಡ ತಲೆಯಾಡಿಸಿಬಿಟ್ಟ. ಆದರೆ ನಿದ್ದೆಯಲ್ಲಿ ಬಡಬಡಿಸುವ ಅಭ್ಯಾಸವಿತ್ತಲ್ಲ ಅವನಿಗೆ? ಅವತ್ತು ರಾತ್ರಿಯೇ ಅವನು ಗುಂಯ್ ಎಂದೊಡನೆ ಪಕ್ಕದಲ್ಲಿ ಮಗು ಬಾಯಿ ಅಂಟಿ ಕಾಲು ಬಡಿಯುವುದನ್ನು ಅವಳು ಕಣ್ಣಾರೆ ಕಂಡು, ಅವನ ಬಾಯಿ ಒತ್ತಿ ಮುಚ್ಚಿದಳು. ಬೆಳಗಾಗುತ್ತಲೇ ಮುದುಕಿಯ ಮನೆಗೆ ಓಡಿದಳು, ಬೀಗ ಹಾಕಿತ್ತು.

ಈಗ ಮಲಗುವ ಮುಂಚೆ ಅವಳು ಮೆತ್ತನೆಯ ಬಟ್ಟೆಯನ್ನು ನಾಲ್ಕು ಮಡಿಕೆ ಮಾಡಿ ಅವನ ಬಾಯಿಗೆ ಬಿಗಿಯುತ್ತಾಳೆ. ಅಳುತ್ತಲೇ ಬಿಗಿಯುತ್ತಾಳೆ. ಗಿಣಿಗೆ ಏನನ್ನೂ ಹೇಳಿಲ್ಲ. ಹೇಳುವುದಾದರೂ ಏನನ್ನು? ನೆಗಡಿ ವಾಸಿಯಾಗಿದೆ, ವಟವಟ ಮತ್ತೆ ಶುರುವಾಗಿದೆ.

ನಿನ್ನೆ ರಾತ್ರಿ ಗಿಣಿ ಹಾಸಿಗೆಯ ಮೇಲೆ ಮೊಣಕಾಲೂರಿ ಕೂತು, ಅಪ್ಪನ ಮುಖವನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಳು.

“ನನ್ನ ಮೇಲೆ ಕೋಪಾನಾ ಅಪ್ಪ? ಇಷ್ಟು ದಿನ ಯಾರಾದ್ರೂ ಟೂ ಬಿಡ್ತಾರಾ? ಒಂದೇ ಒಂದು ಮಾತಾಡು, ಸಾಕು.”

ಅವನು ಅವಳ ಹಣೆ ನೇವರಿಸಿದ. ಆಮೇಲೆ ಕೈ ಹಿಂದಕ್ಕೆ ಹಾಕಿ, ಬಟ್ಟೆಯ ಗಂಟು ಸಡಿಲಾಗಿಲ್ಲ ತಾನೇ ಎಂದು ಮುಟ್ಟಿ ನೋಡಿಕೊಂಡ.