ಅಂಕಿ ಕೂಡಿದ ಲೂಗರ್

“ಈ ಹಿತ್ತಾಳೆ ಚಿಲಕ ಒಂದು ತೆಗೀಬೇಡ ಮಾರಾಯ. ಉಳಿದದ್ದು ನಿನ್ನಿಷ್ಟ,” ಎಂದರು ಹೆನ್ರಿ.

ಮಧ್ವರಾಜ ನಕ್ಕ. ಮಾಸ್ಕಿನೊಳಗಿನ ನಗು ಯಾರಿಗೂ ಕಾಣುವುದಿಲ್ಲ ಎಂದುಕೊಂಡಿದ್ದ. ಕಣ್ಣು ಗುಟ್ಟು ಬಿಟ್ಟುಕೊಟ್ಟಿತು. ಮುದುಕ ಹೆನ್ರಿ ಬೇಸರಿಸಲಿಲ್ಲ. ಮಂಗಳೂರಿನಿಂದ ಬಂದು ಮಲಯ ದೇಶದ ಪೆನಾಂಗ್ ಬಂದರಿನಲ್ಲಿ ಗುಮಾಸ್ತರಾಗಿದ್ದ ಅಪ್ಪ ಕಟ್ಟಿಸಿದ ಮನೆಯಲ್ಲೇ ಹುಟ್ಟಿ ಬೆಳೆದವರು ಅವರು. ಈಗ ಕೊರೋನಾ ಕಾಲದ ವಿಶೇಷ ವಿಮಾನ ಹತ್ತಿ ಮಂಗಳೂರಿನ ಮಗಳ ಮನೆಗೆ ಹೊರಟಿದ್ದರು. ಮೇಜಿನ ಮೇಲೆ, ಮೈಯೊರೆಸುವ ಹಳೆಯ ಬೈರಾಸಿನ ನಡುವೆ, ಮಧ್ವರಾಜನಿಗೆ ಕೊಟ್ಟುಹೋಗಲೆಂದು ತೆಗೆದಿಟ್ಟ ಪಿಸ್ತೂಲು ಮಲಗಿತ್ತು.

ಲೂಗರ್. ಜರ್ಮನ್ ಸೈನ್ಯ ಅದನ್ನು ಕೈಬಿಟ್ಟು ಎಷ್ಟೋ ಕಾಲವಾಯಿತು, ಸಂಗ್ರಾಹಕರು ಇನ್ನೂ ಬಿಟ್ಟಿಲ್ಲ. ಓರೆಯಾಗಿ ಇಳಿಯುವ ಹಿಡಿ, ತೆಳ್ಳನೆಯ ನಳಿಗೆ, ಎಳೆದರೆ ಮೊಣಕಾಲಿನಂತೆ ಮಡಚಿ ಮೇಲೇಳುವ ಕೀಲು. ಕೊಲ್ಲಲು ಮಾಡಿದ ವಸ್ತುವಿಗೆ ಇಷ್ಟು ಚೆಲುವು ಯಾಕೆ ಬೇಕಿತ್ತೋ ದೇವರೇ ಬಲ್ಲ. ಪೆನಾಂಗಿನದೇ ಬಯಾನ್ ಲೆಪಾಸಿನ ಚಿಪ್ ಕಾರ್ಖಾನೆಗೆ ಎಂಜಿನಿಯರಾಗಿ ಬಂದು ವರ್ಷವಷ್ಟೇ ಆಗಿದ್ದ ಮಧ್ವರಾಜ ಹೈಸ್ಕೂಲಿನಿಂದಲೂ ಅದರ ಚಿತ್ರ, ಚರ್ಮದ ಚೀಲ, ಪುಸ್ತಕ ಕೂಡಿಸುತ್ತ ಬಂದವನು. ನಿಜವಾದದ್ದನ್ನು ಮುಟ್ಟಿದ್ದು ಇವತ್ತೇ. ಎರಡೂ ಕೈಯಲ್ಲಿ ಎತ್ತಿಕೊಂಡ. ಹುಡುಗಿಯ ಕೈಯನ್ನು ಮೊದಲ ಸಲ ಹಿಡಿದಾಗಲೂ ಅವನು ಇಷ್ಟು ಜೋಪಾನ ಮಾಡಿರಲಿಲ್ಲ.

ಲೂಗರಿನ ಭಾಗಗಳ ಮೇಲೆಲ್ಲ ಒಂದೇ ಪುಟ್ಟ ಅಂಕಿ ಒತ್ತಿರುತ್ತದೆ. ಎಲ್ಲ ಅಂಕಿ ಕೂಡಿದರೆ, ಅಂದರೆ ಒಂದಕ್ಕೊಂದು ಹೊಂದಿದರೆ, ಅದು ರತ್ನ. ಒಂದು ತಪ್ಪಿದರೂ ಸಂಗ್ರಾಹಕರ ಕಣ್ಣಲ್ಲಿ ಕಸ. ಇದರ ತುಂಬ ಎಪ್ಪತ್ತೊಂದು. ಬದಿಯ ಚಿಲಕ ಮಾತ್ರ ಹಿತ್ತಾಳೆಯದು, ಅಂಕಿಯಿಲ್ಲದ ಬೋಳು.

“ಯುದ್ಧದ ಕಾಲದಲ್ಲಿ ಜರ್ಮನ್ ಸಬ್‌ಮರೀನು ಇಲ್ಲಿ ಬಂದು ನಿಲ್ತಿತ್ತು,” ಹೆನ್ರಿ ದನಿ ತಗ್ಗಿಸಿದರು. “ಅದರ ಒಬ್ಬ ನಾವಿಕ ಜೆಟ್ಟಿಯಲ್ಲಿ ಒಂದು ಹುಡುಗಿಗೆ ಗುಂಡು ಹೊಡೆದ. ಎದೆಗೆ. ನೀರಿಗೆ ಬಿದ್ದು ಉಸಿರಿಗೆ ಒದ್ದಾಡಿ ಸತ್ತಳು. ಅವಳ ಅಪ್ಪ ಬೊಮೊ, ಮಲಯ್ ಮಂತ್ರವಾದಿ. ಇದನ್ನು ಯಾರು ಪ್ರೀತಿಯಿಂದ ಇಟ್ಕೊಳ್ತಾರೋ ಅವರ ಪ್ರೀತಿಯವರು ಹಾಗೇ ಸಾಯ್ಲಿ ಅಂತ ಮಾಟ ಮಾಡಿದ. ಓಡಿಹೋಗುವಾಗ ನಾವಿಕ ಇದನ್ನು ನಮ್ಮಪ್ಪನಿಗೆ ಕೊಟ್ಟ. ಅಪ್ಪನಿಗೆ ಗೊತ್ತಿರ್ಲಿಲ್ಲ. ನನ್ನ ಅಮ್ಮ ಒಣ ಹಾಸಿಗೆ ಮೇಲೆ ಮುಳುಗಿ ಸತ್ತಳು.”

“ಆಸ್ತಮಾ ಇದ್ದಿರ್ಬೇಕು ಅಂಕಲ್.”

“ಇರ್ಬಹುದು. ಅಪ್ಪ ಹೋಗಿ ಬೊಮೊನ ಕಾಲಿಗೆ ಬಿದ್ದರು. ಮಾಟ ತೆಗೀಲಿಕ್ಕೆ ಆಗೂದಿಲ್ಲ, ಮಲಗಿಸ್ತೇನೆ ಅಂದ. ನಳಿಗೆಗೆ ಸೀಸ ಹೊಯ್ದ. ಚಿಲಕ ತೆಗೆದು ಹಿತ್ತಾಳೆಯದ್ದು ಹಾಕಿದ. ಅಂಕಿ ಕೂಡಿದ್ರೆ ಎದ್ದೇಳ್ತದೆ. ಸಾಂಬ್ರಾಣಿ ವಾಸನೆ ಬಂದ್ರೆ ಎದ್ದಿದೆ ಅಂತ ತಿಳ್ಕೊ.”

“ಆ ಉಕ್ಕಿನ ಚಿಲಕ?”

ಹೆನ್ರಿ ಒಳಗೆ ಹೋಗಿ ಒಂದು ತಗಡಿನ ಡಬ್ಬಿ ತಂದರು. “ಸಮುದ್ರಕ್ಕೆ ಹಾಕು. ನನಗೆ ಮನಸ್ಸು ಬರ್ಲಿಲ್ಲ. ನಮ್ಮಂಥವರಿಗೆ ಬರೂದಿಲ್ಲ.”

ಆ ದೇಶದಲ್ಲಿ ಪರವಾನಗಿಯಿಲ್ಲದ ಬಂದೂಕು ಸಿಕ್ಕಿದರೆ ಬೆತ್ತದೇಟು, ವರ್ಷಗಟ್ಟಲೆ ಜೈಲು. ಸೀಸ ತುಂಬಿದ್ದು ಎಂದು ಯಾರು ಕೇಳುತ್ತಾರೆ? ಮಧ್ವರಾಜ ಅದನ್ನು ಅಕ್ಕಿ ಚೀಲದಲ್ಲಿ ಹುದುಗಿಸಿ ಮನೆಗೆ ತಂದ. ದಾರಿಯಲ್ಲಿ ಸಮುದ್ರದ ಬಳಿ ಕಾರು ನಿಲ್ಲಿಸಿದ್ದೂ ನಿಜ. ಡಬ್ಬಿ ತೆರೆದ. ಉಕ್ಕಿನ ಚಿಲಕದ ಮೇಲೆ ಎಪ್ಪತ್ತೊಂದು ಮಿರುಗಿತು. ಇದನ್ನು ನೀರಿಗೆ ಎಸೆಯುವವನು ಸಂಗ್ರಾಹಕನೇ ಅಲ್ಲ. ಪಿಸ್ತೂಲಿನಿಂದ ಹಿತ್ತಾಳೆಯದನ್ನು ಬಿಚ್ಚಿದ, ಅದನ್ನೇ ಬೀಸಿ ಒಗೆದ.

“ನಿನ್ನ ಬೊಮೊಗೆ ನಮಸ್ಕಾರ ಹೇಳು,” ಎಂದ ಸಮುದ್ರಕ್ಕೆ.

ಆದರೂ ಉಕ್ಕಿನದನ್ನು ಆ ದಿನವೇ ಹಾಕಲಿಲ್ಲ. ಹೆದರಿಕೆಯೇನಲ್ಲ, ಹಬ್ಬದೂಟಕ್ಕೆ ಹೊಟ್ಟೆ ಖಾಲಿ ಇಟ್ಟುಕೊಂಡಂತೆ ಸುಖವನ್ನು ಮುಂದೂಡಿದ. ಅಷ್ಟರಲ್ಲಿ ಲಾಕ್‌ಡೌನ್ ಬಿಗಿಯಾಯಿತು, ಗಂಡ ಹೆಂಡತಿ ಇಬ್ಬರಿಗೂ ಸೋಂಕು ತಗಲಿತು. ಅವನಿಗೆ ಮೂಗು ಸತ್ತಿತು, ಕಾಫಿಗೂ ಬಿಸಿನೀರಿಗೂ ವ್ಯತ್ಯಾಸ ತಿಳಿಯದು. ಹೆಂಡತಿ ಪೂರ್ವಿಗೆ ಕೆಮ್ಮು, ಸಣ್ಣ ಜ್ವರ. ಅವಳು ಕೋಣೆಯಲ್ಲಿ, ಅವನು ಹಾಲಿನಲ್ಲಿ.

ಒಂದು ಮಧ್ಯಾಹ್ನ ಮೋಡ ಕವಿದು ಕಿಟಕಿಯೆಲ್ಲ ಮಸಿಯಾಯಿತು. ಬೇಜಾರಿಗೆ ಪಿಸ್ತೂಲು ತೆಗೆದ. ಚಿಲಕ ಕೂರಿಸಿದ. ಅದು ಸದ್ದಿಲ್ಲದೆ, ತಾನಾಗಿಯೇ ಎಂಬಂತೆ, ಒಳಗೆ ಜಾರಿತು. ಎಲ್ಲ ಅಂಕಿಯೂ ಕೂಡಿದವು. ಅವನ ಕಣ್ಣಲ್ಲಿ ನೀರು ಬಂತು.

“ರೀ, ಸಾಂಬ್ರಾಣಿ ಯಾಕೆ ಹಾಕಿದ್ರಿ? ಮೊದ್ಲೇ ಕೆಮ್ಮು ನಂಗೆ,” ಒಳಗಿನಿಂದ ಪೂರ್ವಿ ಕೇಳಿದಳು.

“ಪಕ್ಕದ ಮನೇದಿರ್ಬೇಕು ಕಣೆ.”

ಹಾಗೆ ಅಂದಮೇಲೆ ಮುದುಕರ ಮಾತು ನೆನಪಾಯಿತು. ಮೂಗೆಳೆದು ನೋಡಿದ. ಏನೂ ಇಲ್ಲ. ನಗಲು ಹೋದ. ಆಗ ಕೋಣೆಯಿಂದ ಆ ಸದ್ದು ಬಂತು. ನೀರು ಕುಡಿದವರು ಮೇಲೆದ್ದು ಗಾಳಿ ಹುಡುಕುವ ಸದ್ದು.

ಪೂರ್ವಿ ಮಂಚದ ಅಂಚು ಹಿಡಿದಿದ್ದಳು. ತುಟಿ ನೀಲಿ. ಕೂದಲು ತೊಯ್ದು ಹಣೆಗಂಟಿತ್ತು, ಬೆವರಿಗಿಂತ ಹೆಚ್ಚು ಒದ್ದೆ. ಆಕ್ಸಿಮೀಟರ್ ಅವಳ ಬೆರಳಿಗೆ ಸಿಕ್ಕಿಸಿದ.

ಎಪ್ಪತ್ತೊಂದು.

ತೆಗೆದು ತನ್ನ ಬೆರಳಿಗೆ ಹಾಕಿದ. ತೊಂಬತ್ತೆಂಟು. ಮತ್ತೆ ಅವಳ ಬೆರಳಿಗೆ. ಎಪ್ಪತ್ತೊಂದು.

ಆಂಬುಲೆನ್ಸಿಗೆ ಫೋನು ಮಾಡಿದ. “ಎಲ್ಲಾ ಗಾಡಿ ಹೊರಗಿದೆ ಸರ್, ವೇಟ್ ಲಾ,” ಎಂದಿತು ಮಾತಿಗೊಂದು ‘ಲಾ’ ಸೇರಿಸುವ ಆ ಊರಿನ ದಣಿದ ದನಿ. ಫೋನು ಎಸೆದು ಹಾಲಿಗೆ ಓಡಿದ. ಚಿಲಕ ಎಳೆದ. ಜಾರಿ ಕೂತಿದ್ದ ಚಿಲಕ ಈಗ ಅಲುಗಲಿಲ್ಲ, ಉಕ್ಕು ಉಕ್ಕಿಗೆ ಬೆಸೆದುಕೊಂಡಿತ್ತು. ಇಕ್ಕಳ ಹಾಕಿದ. ಇಕ್ಕಳದ ಹಲ್ಲು ಮುರಿಯಿತು. ಹಿತ್ತಾಳೆಯದು ಸಮುದ್ರದ ತಳದಲ್ಲಿತ್ತು, ಅವನೇ ಒಗೆದದ್ದು. ತನ್ನ ತಲೆಯನ್ನು ಗೋಡೆಗೆ ಜಪ್ಪಬೇಕೆನಿಸಿತು.

ಕರೆಂಟು ಹೋಯಿತು. ಕತ್ತಲೆ. ಕೋಣೆಯಲ್ಲಿ ಪೂರ್ವಿಯ ಉಸಿರು ಗೊರಗೊರ ಅನ್ನುತ್ತಿತ್ತು.

ಹೆದರಿಕೆ ಅಲ್ಲೇ ಮುಗಿದು ಸಿಟ್ಟು ನೆತ್ತಿಗೇರಿತು. ಅಂಕಿ ಕೂಡಿದ್ದಕ್ಕೆ ತಾನೇ ಎದ್ದದ್ದು? ಅಂಕಿಯೇ ಇಲ್ಲದಿದ್ದರೆ? ಅರ ತೆಗೆದುಕೊಂಡು ಕೋಣೆಗೆ ಓಡಿದ. ಪಿಸ್ತೂಲನ್ನು ಪೂರ್ವಿಯ ಮಂಚದ ಕಾಲಿಗೆ ಒತ್ತಿ ಹಿಡಿದು ಉಜ್ಜತೊಡಗಿದ. ಹುಚ್ಚನಂತೆ ಬಯಸಿದ್ದನ್ನು ಕೈಯಾರೆ ವಿರೂಪ ಮಾಡುವಾಗ ಎದೆ ಚುರುಕ್ ಎಂದಿತು, ಇಲ್ಲವೆನ್ನಲಾಗದು. ನಿಲ್ಲಿಸಲಿಲ್ಲ. ನಳಿಗೆಯ ಮೇಲಿನದು ಹೋಯಿತು. ಕೀಲಿನದು ಹೋಯಿತು. ಆಕ್ಸಿಮೀಟರಿನ ಕೆಂಪು ಬೆಳಕು ಮಿಣುಕಿತು. ಎಪ್ಪತ್ತೈದು. ಉಜ್ಜಿದ. ಗೆಣ್ಣು ಸುಲಿಯಿತು. ರಕ್ತಕ್ಕೆ ಅರ ಜಾರಿತು. ಎಂಬತ್ತು. ಉಳಿದದ್ದು ಚಿಲಕದ ಅಂಕಿ ಮಾತ್ರ.

ಆಗ ವಾಸನೆ ಬಂತು. ಸತ್ತ ಮೂಗಿಗೆ ಬಂತು. ಸಾಂಬ್ರಾಣಿ. ಅದರಡಿಯಲ್ಲಿ ಕೆಸರು, ಉಪ್ಪುನೀರು. ಅವನ ಹಿಂದೆ ಯಾರೋ ನಿಂತಿದ್ದರು. ನೆಲದ ಮೇಲೆ ನೀರು ತೊಟ್ಟಿಕ್ಕುತ್ತಿತ್ತು. ಕತ್ತಿನ ಮೇಲೆ ತಣ್ಣನೆಯ ಉಸಿರು. ಅರ ಹಿಡಿದ ಬೆರಳು ಮರಗಟ್ಟಿದವು. ಪೂರ್ವಿಯ ಅಂಕಿ ಇಳಿಯಿತು. ಎಪ್ಪತ್ತೆಂಟು. ಎಪ್ಪತ್ತಾರು.

“ಇವಳು ಸಿಗೂದಿಲ್ಲ ನಿಂಗೆ,” ತಿರುಗಿ ನೋಡದೆ ಹಲ್ಲು ಕಚ್ಚಿ ಹೇಳಿದ. “ಗುಂಡು ಹೊಡೆದದ್ದು ಇವಳಲ್ಲ. ಪ್ರೀತಿಯಿಂದ ಇಟ್ಕೊಂಡದ್ದೂ ಇವಳಲ್ಲ. ನಂಬರ್ ಬೇಕಾದ್ರೆ ನಂದು ತಗೋ.”

ಉಸಿರು ಕತ್ತಿನಿಂದ ಕಿವಿಗೆ ಬಂತು. ನಿಂತಿತು. ಮರಗಟ್ಟಿದ ಬೆರಳು ಸಡಿಲವಾದವು. ಅವನು ಉಜ್ಜಿದ. ಎಪ್ಪತ್ತೊಂದರ ಒಂದು ಹೋಯಿತು. ಏಳರ ಬಾಲ ಉಳಿದಿತ್ತು. ಉಜ್ಜಿದ. ಎದೆಯೊಳಗೆ ಏನೋ ಟಕ್ಕೆಂದು ಮಡಚಿಕೊಂಡಿತು. ಏಳೂ ಹೋಯಿತು.

ಪೂರ್ವಿ ಗಾಳಿಯನ್ನು ಎಳೆದುಕೊಂಡಳು. ಎದೆ ತುಂಬ.

ಆಂಬುಲೆನ್ಸ್ ಬಂದಾಗ ಅವಳ ಅಂಕಿ ತೊಂಬತ್ತಾರು. ಬಂದವರು ಬೈದು ಹೋದರು. ಮುಖವಿಲ್ಲದ ಆ ಕಬ್ಬಿಣ ಮುಂದೆ ಹಿತ್ತಾಳೆಯ ಚಿಲಕ ಹೋದ ನೀರಿಗೇ ಹೋಯಿತು.

ಲಾಕ್‌ಡೌನ್ ಸಡಿಲವಾದ ಮೇಲೆ ಇಬ್ಬರೂ ಮಾಲಿಗೆ ಹೋದರು. ಬಾಗಿಲಲ್ಲಿ ಜ್ವರ ನೋಡುವ ತಮಿಳು ಕಾವಲುಗಾರ, ಕೈಯಲ್ಲಿ ಪಿಸ್ತೂಲಿನಾಕಾರದ ಯಂತ್ರ. ಪೂರ್ವಿಯ ಹಣೆಗೆ ಹಿಡಿದ, ಅಂಕಿ ಬಂತು. ಮಧ್ವರಾಜನ ಹಣೆಗೆ ಹಿಡಿದ. ಬರಿಯ ಎರಡು ಗೀಟು. ಯಂತ್ರ ಕೊಡವಿ ಮತ್ತೆ ಹಿಡಿದ. ಎರಡು ಗೀಟು. ಬೇರೆ ಯಂತ್ರ ತಂದ. ಅದರಲ್ಲೂ ಗೀಟು. ಮನೆಯ ಆಕ್ಸಿಮೀಟರಿನಲ್ಲೂ ಆ ದಿನದಿಂದ ಅಷ್ಟೇ ಎಂಬುದು ಗಂಡ ಹೆಂಡತಿಗೆ ಮಾತ್ರ ಗೊತ್ತು.

ಕಾವಲುಗಾರ ಒಂದು ಹೆಜ್ಜೆ ಹಿಂದೆ ಸರಿದ. “ಅಣ್ಣೆ, ನೀವು ಹೋಗಿ ಲಾ,” ಎಂದ ಮೆಲ್ಲಗೆ.

ಮಧ್ವರಾಜ ಹೋಗಲಿಲ್ಲ. ಹಣೆಯನ್ನು ಇನ್ನಷ್ಟು ಮುಂದೆ ಚಾಚಿದ. “ಇನ್ನೊಂದ್ಸಲ ಹೊಡಿ,” ಎಂದ.

ಪೂರ್ವಿ ಅವನ ಕೈ ಹಿಡಿದು ಒಳಗೆ ಎಳೆದಳು. ಆ ಕೈ ಕಬ್ಬಿಣದ ಹಾಗೆ ತಣ್ಣಗಿತ್ತು. ಅವಳು ಬಿಡಲಿಲ್ಲ.