ಅಣ್ಣನ ರಕ್ತದೊತ್ತಡ

ಅಣ್ಣ ಆ ಮಾತನ್ನು ಕಣದಲ್ಲಿ, ಆಳುಗಳ ಮುಂದೆ ಆಡಿದ್ದ. "ನಮ್ಮ ಡಾಕ್ಟ್ರು ರೋಗಿ ಮುಖಾನೇ ನೋಡಲ್ಲ ಕಣ್ರೋ. ದನದ ಡಾಕ್ಟ್ರಾದ್ರೆ ಬಾಲನಾದ್ರೂ ಎತ್ತಿ ನೋಡ್ತಾನೆ."

ಆಳುಗಳು ನಕ್ಕರು. ಊರಿನ ಆರೋಗ್ಯ ಕೇಂದ್ರದ ಡಾಕ್ಟರಾಗಿದ್ದ ತಮ್ಮ, ರಸ್ತೆ ಬದಿಯ ಹೊಲ ಬಿಟ್ಟುಕೊಟ್ಟರೆ ಸ್ವಂತ ಆಸ್ಪತ್ರೆ ಕಟ್ಟುತ್ತೇನೆಂದು ಕೇಳಲು ಬಂದಿದ್ದವನು, ಬಂದ ದಾರಿ ಹಿಡಿದ. ಆ ನಗು ಮಾತ್ರ ಎದೆಯಲ್ಲಿ ಮುಳ್ಳಾಗಿ ಮುರಿದು ಉಳಿಯಿತು.

ಅಣ್ಣನಿಗೆ ಹೆಂಡತಿ ತೀರಿಹೋಗಿದ್ದಳು, ಮಕ್ಕಳಿರಲಿಲ್ಲ. ಅವನು ಹೋದರೆ ಹೊಲ ತಾನಾಗಿಯೇ ಕೈಸೇರುತ್ತದೆ. ಆದರೆ ಗಟ್ಟಿಮುಟ್ಟಾದವನು ಸುಮ್ಮನೆ ಸಾಯುವುದಿಲ್ಲ. ಮೊದಲು ಅವನನ್ನು ಕಾಯಿಲೆಯವನನ್ನಾಗಿ ಮಾಡಬೇಕು, ಅದೂ ಸರ್ಕಾರದ ಕಂಪ್ಯೂಟರಿನಲ್ಲಿ.

ಅಣ್ಣನಿಗೆ ತಲೆಸುತ್ತು ಬಂದ ದಿನ ತಾನೇ ಕರೆತಂದು ಕೂರಿಸಿದ. ತೋಳಿಗೆ ಪಟ್ಟಿ ಸುತ್ತಿ ರಕ್ತದೊತ್ತಡ ಅಳೆದ, ಸರಿಯಾಗಿಯೇ ಇತ್ತು. ಪರದೆಯ ಮೇಲೆ ಬೇರೆ ಅಂಕಿ ಬರೆದ. ಆಮೇಲೆ ವಾರವಾರವೂ ಕರೆಸಿದ. ಅವಸರಪಡಲಿಲ್ಲ. ಅಂಕಿಯನ್ನು ಒಮ್ಮೆ ಏರಿಸಿ, ಒಮ್ಮೆ ತುಸು ಇಳಿಸಿ, ನಿಜವಾದ ಕಾಯಿಲೆ ನಡೆಯುವ ಹಾಗೆ ನಡೆಸಿದ. ನಿದ್ದೆ, ಊಟ, ಎದೆನೋವು, ಅಪ್ಪ ಸತ್ತ ಬಗೆ, ಯಾವ ಖಾನೆಯನ್ನೂ ಖಾಲಿ ಬಿಡಲಿಲ್ಲ.

"ನೀನು ಚಿಕ್ಕವನಿದ್ದಾಗ ನನ್ನ ಕೈ ಹಿಡ್ಕೊಂಡು ಹೊಳೆ ದಾಟ್ತಿದ್ದೆ ನೋಡು, ಆಮೇಲೆ ಈಗ್ಲೇ ಹಿಡ್ದಿದ್ದು," ಎಂದ ಅಣ್ಣ. "ಅವತ್ತು ಆಳುಗಳ ಮುಂದೆ ಏನೇನೋ ಅಂದ್ಬಿಟ್ಟೆ ಕಣೋ. ಮನಸ್ಸಲ್ಲಿ ಇಟ್ಕೋಬೇಡ."

"ಮಾತಾಡ್ಬೇಡಣ್ಣ, ಒತ್ತಡ ಏರುತ್ತೆ."

ಅಣ್ಣ ಮಗುವಿನಂತೆ ಬಾಯಿ ಮುಚ್ಚಿದ. ತಮ್ಮ ಕೊಟ್ಟ ಮಾತ್ರೆ ಒಂದನ್ನೂ ತಪ್ಪಿಸಲಿಲ್ಲ. ಮಾತ್ರೆ ಬದಲಾದದ್ದು ಅವನಿಗೆ ಗೊತ್ತಾಗಲೂ ಇಲ್ಲ. ಒಂದು ಸಂಜೆ ಎತ್ತುಗಳಿಗೆ ನೀರು ಕುಡಿಸಿ ಬಂದು ಜಗಲಿಗೆ ಒರಗಿದವನು ಮತ್ತೆ ಏಳಲಿಲ್ಲ. ಹೃದಯದ ಹಳೆಯ ಕಾಯಿಲೆ ಎಂದು ತಮ್ಮನೇ ಬರೆದುಕೊಟ್ಟ. ಹೊಲದ ಅಂಚಿನಲ್ಲಿ ಮಣ್ಣು ಮಾಡಿದರು. ಸೋದರತ್ತೆ ಅವನ ಗಲ್ಲ ಹಿಡಿದು, "ಕೊನೆಗಾಲದಲ್ಲಿ ನೀನಾದ್ರೂ ನೋಡ್ಕೊಂಡ್ಯಲ್ಲಪ್ಪ," ಎಂದು ಅತ್ತಳು.

ಹೊಲಕ್ಕೆ ಬೇಲಿ ಬಿದ್ದ ವಾರ, ಆರೋಗ್ಯ ಇಲಾಖೆಯ ಅಂಕಿಅಂಶ ನೋಡುವ ಹೆಂಗಸು ಬಂದಳು, ಹಿಂದೆ ಇಬ್ಬರು ಪೊಲೀಸರು. ಅವನು ಅಳುಕಲಿಲ್ಲ. ಅಣ್ಣನ ದಾಖಲೆ ತೆರೆದು, ಮೊದಲಿಂದ ಕೊನೆಯವರೆಗೆ ತೋರಿಸಿದ. "ಓದಿದೀನಿ ಡಾಕ್ಟ್ರೇ, ತುಂಬ ಚೆನ್ನಾಗಿ ಬರ್ದಿದೀರಿ," ಎಂದಳು ಅವಳು, ಮೆಲ್ಲಗೆ. "ಉಳಿದವ್ರದ್ದೂ ಓದ್ದೆ. ನೀವು ಈ ಊರಿಗೆ ಬಂದಾಗಿಂದ ಬಸುರಿಗೂ ಮುದುಕನಿಗೂ ಒಂದೇ ಒತ್ತಡ, ನೂರಿಪ್ಪತ್ತು ಎಂಬತ್ತು. ಮಿಕ್ಕ ಖಾನೆ ಎಲ್ಲಾ ಖಾಲಿ. ಇಷ್ಟು ಜನರಲ್ಲಿ ನೀವು ಪಟ್ಟಿ ಸುತ್ತಿ ನೋಡಿದ್ದು ಇವರೊಬ್ಬರನ್ನೇ."