ನಡುಗಡ್ಡೆಯ ಹುಣಸೆಕಾಯಿ

“ಸಾಹೇಬ್ರ, ಇಲ್ಲಿಂದ ಒಂದ್ ಎಲಿ ಸೈತ ಮನಿಗೆ ಒಯ್ಯಬ್ಯಾಡ್ರಿ,” ಎಂದಳು ಹರಿಗೋಲು ನಡೆಸುವ ದೇವವ್ವ. “ಕಲ್ಲಿನ ಮ್ಯಾಲೆ ಬರದೈತಿ. ಒಯ್ದಾವ ಹೊಲಸಿನಾಗ ಹುಳಾ ಆಗ್ತಾನ.”

ಫಕ್ಕೀರೇಶ ನಕ್ಕ. ಬಿ.ಕಾಂ. ಓದಿ ವರ್ಷಗಟ್ಟಲೆ ಅಲೆದವನಿಗೆ ೧೯೮೭ರಲ್ಲಿ ಸಿಕ್ಕ ಮೊದಲ ನೌಕರಿ ಇದು. ತುಂಗಭದ್ರೆಯ ನಡುವೆ, ಗಿಡಮರ ಮುಚ್ಚಿದ ನಡುಗಡ್ಡೆಯಲ್ಲಿ ಕದ್ದು ನಡೆಯುವ ಗಿರಣಿಯ ಮೇಲ್ವಿಚಾರಕ. ಬ್ಯಾಡಗಿ ಪೇಟೆಯಲ್ಲಿ ಯಾರೂ ಮೂಸದ, ಬೂಷ್ಟು ಹಿಡಿದ ಮೆಣಸಿನಕಾಯಿ ಇಲ್ಲಿಗೆ ಬಂದು, ಬಟ್ಟೆಯ ಬಣ್ಣ ಕುಡಿದು, ಕೆಂಪು ಖಾರಪುಡಿಯಾಗಿ ಊರೂರಿನ ಸಾರು ಸೇರುತ್ತಿತ್ತು. ನಾಚಿಕೆಗೆಟ್ಟ ಕೆಲಸ. ಹಿಂದೆ ಯಾವನೋ ಅರಸ ಈ ನೆಲವನ್ನು ದೇವರಿಗೆ ಬಿಟ್ಟುಕೊಟ್ಟು, ಶಾಪ ಕೊರೆಸಿ ನೆಡಿಸಿದ ಕಲ್ಲನ್ನೇ ಉರುಳಿಸಿ ಅದರ ಮೇಲೆ ಬಣ್ಣದ ಪೀಪಾಯಿ ಇಟ್ಟಿದ್ದರು.

“ಅರಸ ಸತ್ತು ಮಣ್ಣಾಗ್ಯಾನ. ಶಾಪ ಇನ್ನೂ ಡ್ಯೂಟಿ ಮ್ಯಾಲೆ ಐತೇನ್?” ಎನ್ನುತ್ತ ಫಕ್ಕೀರೇಶ ಅವಳೆದುರೇ ಪಾಳು ಗುಡಿಯ ಹಿಂದಿನ ಹುಣಸೆಮರದ ಕೊಂಬೆ ಜಗ್ಗಿ, ಟವೆಲ್ಲಿನ ತುಂಬ ಕಾಯಿ ಕಿತ್ತುಕೊಂಡ. ರಾಣೆಬೆನ್ನೂರಿನ ಬಾಡಿಗೆ ಮನೆಯಲ್ಲಿ ಹೆಂಡತಿ ಗುತ್ತೆವ್ವ ಏಳು ತಿಂಗಳ ಬಸುರಿ. ಎರಡು ಸಲ ಗರ್ಭ ಜಾರಿತ್ತು. ಇದಾದರೂ ನಿಲ್ಲಲೆಂದು ಅವನು ಜೀವ ಕೈಯಲ್ಲಿ ಹಿಡಿದಿದ್ದ. ಅವಳು ವಾರದಿಂದ ಹುಣಸೆಕಾಯಿ ಕೇಳುತ್ತಿದ್ದಳು. ಶಾಪಕ್ಕೆ ನಕ್ಕ ಈ ಬುದ್ಧಿವಂತ, ಬಯಕೆ ತೀರದಿದ್ದರೆ ಕೂಸಿಗೆ ಕೇಡು ಎಂಬುದನ್ನು ಮಾತ್ರ ಪೂರ್ತಿ ನಂಬಿದ್ದ. ದೇವವ್ವ ಅವನನ್ನು ದಡಕ್ಕೆ ಬಿಟ್ಟಳು.

ಸಂಜೆ ಮನೆಯಲ್ಲಿ ಕೈಕಾಲು ತೊಳೆದು ಬರುವಷ್ಟರಲ್ಲಿ ಗುತ್ತೆವ್ವ ಒಂದು ಕಾಯಿ ಮುರಿದಿದ್ದಳು. ಫಕ್ಕೀರೇಶ ಬಗ್ಗಿ ನೋಡಿದ. ಕಾಯಿಯೊಳಗೆ ಬೀಜವಿರಲಿಲ್ಲ. ಬಿಳಿ ಹುಳಗಳಿದ್ದವು. ಒಂದರ ಮೇಲೊಂದು ಹೊರಳುತ್ತಿದ್ದವು. ಕೀವಿನಂಥದ್ದು ಅವಳ ಬೆರಳಿಗೆ ಇಳಿಯುತ್ತಿತ್ತು. ಅವಳಿಗೆ ಅದೇನೂ ಕಾಣುತ್ತಿರಲಿಲ್ಲ. ನಗುತ್ತ ಬಾಯಿ ತೆರೆದಳು.

ಅವನು ಕೈಗೆ ಹೊಡೆದು ಬೀಳಿಸಿದ. ಟವೆಲ್ಲಿನ ಸಮೇತ ಎಲ್ಲವನ್ನೂ ಹಿತ್ತಲ ಗಟಾರಕ್ಕೆ ಎಸೆದ.

“ಒಂದಾದ್ರೂ ತಿನ್ನಾಕ ಬಿಡಬಾರದಿತ್ತೇನ್ರಿ?” ಗುತ್ತೆವ್ವ ಕಣ್ಣೊರೆಸಿಕೊಂಡಳು.

“ಕೆಟ್ಟಿದ್ವು. ನಾಳೆ ಪ್ಯಾಟಿದು ತರ್ತೇನಿ.”

ಬದುಕಿದಳು ಎಂದುಕೊಂಡು ಅವನು ಊಟಕ್ಕೆ ಕುಳಿತ. ಬಿಸಿ ರೊಟ್ಟಿ ಸತ್ತ ನಾಯಿಯಂತೆ ನಾರಿತು. ನೀರು ಬಾಯಿಗಿಟ್ಟರೆ ಅದೂ ನಾರಿತು. ಹಿತ್ತಲಿಗೆ ಓಡಿದ. ಗಟಾರದ ಮೇಲೆ ಬಗ್ಗಿ ಕಕ್ಕಿದ.

ಆಗ ಆ ವಾಸನೆ ಬಂತು. ತುಪ್ಪದಲ್ಲಿ ಹುರಿದ ರವೆಯ ವಾಸನೆ. ಗಟಾರದಿಂದಲೇ ಬರುತ್ತಿತ್ತು. ಕಪ್ಪು ರಾಡಿ, ಕೂದಲು, ಕೊಳೆತ ಸಿಪ್ಪೆ. ಅವನಿಗೆ ಹೇಸಿಗೆಯಾಯಿತು. ಬಾಯಲ್ಲಿ ನೀರೂರಿತು. ಬೇಡ ಎಂದುಕೊಂಡ. ಕೈ ಕೇಳಲಿಲ್ಲ. ಮೊಣಕಾಲೂರಿದ. ಬೊಗಸೆ ತುಂಬಿಕೊಂಡು ಬಾಯಿಗಿಟ್ಟ.

“ಕತ್ತಲ್ಯಾಗ ಏನ್ ಹುಡುಕಾಕತ್ತೀರಿ?” ಗುತ್ತೆವ್ವ ಹೊಟ್ಟೆ ಹಿಡಿದುಕೊಂಡು ಬಾಗಿಲಿಗೆ ಬಂದಿದ್ದಳು.

ಅವನು ಮುಖ ತಿರುಗಿಸಲಿಲ್ಲ. “ಒಳಗ ಹೋಗು. ಬಾಗಲಾ ಹಾಕ್ಕೋ. ನಾ ಎಷ್ಟ್ ಕರದ್ರೂ ತಗೀಬ್ಯಾಡ.”

ಅಗಳಿ ಬಿದ್ದ ಸದ್ದು ಕೇಳಿಸಿತು. ಫಕ್ಕೀರೇಶ ಬಾಯಲ್ಲಿದ್ದುದನ್ನು ನುಂಗಿ, ಮತ್ತೆ ಕೈ ಹಾಕಿದ.